ಹೆರಿಗೆಯ ಚೀಲ

ಮಳೆ ಹಿಡಿಯುವ ಮೊದಲೇ ಅಡಿಕೆಗೆ ಮದ್ದು ಬಿಡಲು ಓಡಾಡುವ ನಾವು, ಹೆರಿಗೆಯ ಚೀಲವನ್ನು ಮಾತ್ರ ನೋವು ಬಂದ ಮೇಲೆ ತುಂಬಿಸುತ್ತೇವೆ. ಎಂಟು ತಿಂಗಳು ತುಂಬುವಾಗಲೇ ಅದು ಸಿದ್ಧವಿರಲಿ.

ಬಟ್ಟೆಗಿಂತ ಮೊದಲು ಕಾಗದಗಳು: ತಾಯಿ-ಮಗುವಿನ ಕಾರ್ಡು, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿ, ಆಧಾರ್, ಬ್ಯಾಂಕ್ ಪುಸ್ತಕ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ಇವನ್ನು ಗಂಡನ ಮನೆಯಲ್ಲೇ ಬಿಟ್ಟುಹೋಗುವುದುಂಟು. ತಾಯಿಯ ರಕ್ತದ ಗುಂಪು ನೆಗೆಟಿವ್, ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕು; ತಪ್ಪಿದರೆ ಮುಂದಿನ ಮಗುವಿಗೆ ಅಪಾಯ. ಆ ವರದಿ ಎಲ್ಲಕ್ಕಿಂತ ಮೇಲಿರಲಿ.

ತಾಯಿಗೆ ಮುಂದೆ ಗುಂಡಿಯಿರುವ ನೈಟಿ, ಪ್ಯಾಡು, ಚಪ್ಪಲಿ. ಮಗುವಿಗೆ ಒಗೆದು ಬಿಸಿಲಲ್ಲಿ ಒಣಗಿಸಿದ ಹಳೆಯ ಹತ್ತಿಬಟ್ಟೆಯೇ ಮೇಲು. ಆಟಿಯಲ್ಲಾದರೆ ಇಸ್ತ್ರಿ ಹಾಕಿ ಕಟ್ಟಿಡಿ. ಟೊಪ್ಪಿ ಮರೆಯಬೇಡಿ, ಶಿಶುವಿನ ಮೈಬಿಸಿ ತಲೆಯಿಂದಲೇ ಬಹಳ ಹೋಗುತ್ತದೆ. ಜೇನು, ಸಕ್ಕರೆನೀರು ಚೀಲದಲ್ಲಿ ಬೇಡ, ಅಜ್ಜಿಯಂದಿರು ಸಿಟ್ಟಾದರೂ ಸರಿ. ಮೊದಲ ಗಂಟೆಯೊಳಗೆ ತಾಯಿಯ ಗಿಣ್ಣುಹಾಲು ಕೊಟ್ಟರೆ ಸಾಕು.

ಜೀಪಿನವರ ನಂಬರು ಚೀಟಿಯಲ್ಲಿ ಬರೆದಿಡಿ. 108ಕ್ಕೆ ಕರೆದರೆ ಆಂಬುಲೆನ್ಸ್ ರಸ್ತೆಯವರೆಗೆ ಬಂದೀತು. ಸಂಕ ದಾಟಬೇಕಾದ ಮನೆಯವರು ಅಲ್ಲಿಯವರೆಗೆ ಹೊತ್ತು ತರಲು ನೆರೆಕರೆಯ ನಾಲ್ವರಿಗೆ ಮೊದಲೇ ಹೇಳಿಡಿ. ನೀರು ಹೋದರೆ, ರಕ್ತ ಕಂಡರೆ, ನೋವಿಗಾಗಿ ಕಾಯದೆ ಹೊರಡಿ.