ಮಂಗಳೂರಿನ ಬಂದರಿನಲ್ಲಿ ಅಬ್ರಹಾಮನ ಮಕ್ಕಳು



ಬೇಸಿಗೆ ರಜೆ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಮ್ಮ ಕುಟುಂಬಗಳು ಬಸ್ಸು ಮಾಡಿಕೊಂಡು ಮೈಸೂರು, ಮಡಿಕೇರಿ, ಸುಳ್ಯ, ಪುತ್ತೂರಿನ ದಾರಿ ಹಿಡಿದು ಮಂಗಳೂರಿಗೆ ಹೋಗುವುದುಂಟು. ರೊಸಾರಿಯೊ ಪ್ರಧಾನಾಲಯ, ಮಿಲಾಗ್ರಿಸ್ ದೇವಾಲಯ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಬ್ರದರ್ ಮೊಸ್ಕೆನಿ ಬಿಡಿಸಿದ ಚಿತ್ರಗಳು, ಕೊನೆಗೆ ಮಕ್ಕಳಿಗಾಗಿ ಸಮುದ್ರ: ಇಷ್ಟು ನೋಡಿದರೆ ಯಾತ್ರೆ ಮುಗಿಯಿತು. ಈ ಸಲ ಹೋಗುವವರು ಇನ್ನೂ ಅರ್ಧ ದಿನ ಉಳಿಸಿಕೊಳ್ಳಿ. ಬೈಬಲ್ಲಿನಲ್ಲಿ ನಾವು ಪ್ರತಿ ಭಾನುವಾರ ಕೇಳುವ ಯೆಹೂದ್ಯ ಜನಾಂಗದ ಒಬ್ಬ ಮನುಷ್ಯ ಸುಮಾರು ಒಂಬೈನೂರು ವರ್ಷಗಳ ಹಿಂದೆ ಅದೇ ಊರಿನಲ್ಲಿ ಮನೆ ಮಾಡಿಕೊಂಡು ವ್ಯಾಪಾರ ನಡೆಸಿದ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ನಿಮ್ಮಲ್ಲೇ ಒಬ್ಬರು ಗೈಡ್ ಆಗಿ ಈ ಪಾಠವನ್ನು ಓದಿ ಹೇಳಿದರೆ ಸಾಕು.

ನೋಡಲು ಏನಿದೆ?

ಮೊದಲು ಕದ್ರಿಗೆ ಹೋಗಿ. ಅದು ನಮ್ಮ ಹಿಂದೂ ಸಹೋದರರ ದೇವಸ್ಥಾನ. ಅಲ್ಲಿನ ನಿಯಮಗಳಿಗೆ ಗೌರವ ಕೊಟ್ಟು ಅತಿಥಿಗಳಂತೆ ನಡೆದುಕೊಳ್ಳಿ. ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಸ್ಥಾಪಿಸಿದನೆಂದು ಅದರ ಶಾಸನ ಹೇಳುತ್ತದೆ. ಬೆನ್ ಯಿಜು ಮಂಗಳೂರಿನಲ್ಲಿ ನಡೆಸಿದ್ದೂ ಕಂಚಿನ ಪಾತ್ರೆಗಳ ಕಾರ್ಖಾನೆ! ಅವನು ಈ ಊರಿಗೆ ಬಂದಾಗ ಆ ವಿಗ್ರಹಕ್ಕೆ ಆಗಲೇ 160 ವರ್ಷ ದಾಟಿತ್ತು. ಅವನಿಗಿಂತ ಹಿಂದಿನ ಕಾಲದ ಲೋಹಕೆಲಸದವರ ಕೈ ಎಷ್ಟು ಪಳಗಿತ್ತೆಂಬುದಕ್ಕೆ ಅದು ಇಂದಿಗೂ ನಿಂತಿರುವ ಸಾಕ್ಷಿ.

ಅಲ್ಲಿಂದ ಹಳೆಯ ಬಂದರಿಗೆ ಇಳಿಯಿರಿ. ಊರಿನವರು ಅದನ್ನು ಬಂದರ್ ಎಂದೇ ಕರೆಯುತ್ತಾರೆ. ಗುರುಪುರ ಹೊಳೆ ಮತ್ತು ನೇತ್ರಾವತಿ ಸಮುದ್ರ ಸೇರುವ ಜಾಗದ ಹತ್ತಿರ ಗೋದಾಮುಗಳು, ಮೀನಿನ ಧಕ್ಕೆ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಹಡಗುಗಳು ಕಾಣುತ್ತವೆ. ಅರಬ್ಬೀ ವ್ಯಾಪಾರಿಗಳ ಕಾಲದಿಂದ ಬಂದದ್ದೆಂದು ಪರಂಪರೆ ಹೇಳುವ ಝೀನತ್ ಬಕ್ಷ್ ಮಸೀದಿಯೂ ಇಲ್ಲೇ ಇದೆ.

ಬೆನ್ ಯಿಜುವಿನ ಮನೆ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ. ಮನೆಯಿಲ್ಲ, ಸಮಾಧಿಯಿಲ್ಲ, ಒಂದು ಕಲ್ಲಿನ ಗುರುತೂ ಇಲ್ಲ. ಹಾಗಾದರೆ ಅವನು ಇಲ್ಲಿದ್ದನೆಂದು ತಿಳಿದದ್ದು ಹೇಗೆ? ನಮ್ಮ ಪಾಠ ಆರಂಭವಾಗುವುದು ಇಲ್ಲಿಂದಲೇ.

ಎಸೆಯದ ಕಾಗದ

ಯೆಹೂದ್ಯರಲ್ಲಿ ಒಂದು ಹಳೆಯ ಪದ್ಧತಿ ಇದೆ. ದೇವರ ನಾಮವನ್ನು ಬರೆದ ಕಾಗದ ಹರಿದುಹೋದರೂ ಅದನ್ನು ಕಸಕ್ಕೆ ಎಸೆಯುವುದಿಲ್ಲ, ಸುಡುವುದಿಲ್ಲ. ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಕೂಡಿಟ್ಟು, ತುಂಬಿದ ಮೇಲೆ ಸತ್ತವರನ್ನು ಹೂಳುವಂತೆ ಹೂಳುತ್ತಾರೆ. ಆ ಕೋಣೆಗೆ ಗೆನಿಜಾ ಎಂದು ಹೆಸರು. ಈಜಿಪ್ಟಿನ ಹಳೆಯ ಕೈರೋದಲ್ಲಿರುವ ಬೆನ್ ಎಜ್ರಾ ಪ್ರಾರ್ಥನಾಮಂದಿರದವರು ಶತಮಾನಗಳ ಕಾಲ ಕೂಡಿಡುತ್ತಲೇ ಹೋದರು. ಪ್ರಾರ್ಥನೆಯ ಹಾಳೆ ಮಾತ್ರವಲ್ಲದೆ ಅಂಗಡಿಯ ಲೆಕ್ಕ, ಮದುವೆಯ ಕರಾರು, ವ್ಯಾಪಾರದ ಓಲೆ ಎಲ್ಲವೂ ಅಲ್ಲಿಗೆ ಸೇರಿದವು. ಅಲ್ಲಿನ ಒಣಹವೆಯಲ್ಲಿ ಕಾಗದ ಕೊಳೆಯಲಿಲ್ಲ.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ಪೂರ್ವದೇಶದ ಪ್ರವಾಸದಲ್ಲಿ ಕೊಂಡ ಕೆಲವು ಹಾಳೆಗಳನ್ನು ಕೇಂಬ್ರಿಡ್ಜಿನ ಯೆಹೂದ್ಯ ವಿದ್ವಾಂಸ ಸೊಲೊಮನ್ ಶೆಕ್ಟರ್ ಅವರಿಗೆ ತೋರಿಸಿದರು. ಸಹೋದರಿಯರಿಬ್ಬರೂ ಕ್ರೈಸ್ತರು. ಅವರು ತಂದ ಹಾಳೆಗಳಲ್ಲಿ ಒಂದನ್ನು ಕಂಡು ಶೆಕ್ಟರ್ ಬೆರಗಾದರು. ಅದು ನಮ್ಮ ಕಥೋಲಿಕ ಬೈಬಲ್ಲಿನಲ್ಲಿರುವ ಸಿರಾಖ ಗ್ರಂಥದ ಹೀಬ್ರೂ ಮೂಲದ ತುಣುಕು! ಆ ಮೂಲ ಕಳೆದೇಹೋಯಿತೆಂದು ಲೋಕ ಭಾವಿಸಿತ್ತು. ಶೆಕ್ಟರ್ ಕೈರೋಗೆ ಹೋಗಿ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಡ್ಜಿಗೆ ತಂದರು. ಮುಂದೆ ಎಸ್.ಡಿ. ಗೊಯ್ಟೈನ್ (1900-1985) ಎಂಬ ವಿದ್ವಾಂಸರು ಇಂಥ ತುಣುಕುಗಳಲ್ಲಿ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಓಲೆಗಳನ್ನು ಹುಡುಕಿ ಓದಿದರು. ಓಲೆಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಮಂಗಳೂರಿನ ಕಥೋಲಿಕರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವುದಿಲ್ಲವೇ, ಹಾಗೆ. ಆ ಓಲೆಗಳಲ್ಲಿ ಮಂಗಳೂರಿನ ಹೆಸರೂ ಬೆನ್ ಯಿಜುವಿನ ಹೆಸರೂ ಮತ್ತೆ ಮತ್ತೆ ಕಂಡವು.

ಅಂಗಡಿಯವನ ಓಲೆಗಳು

ಬೆನ್ ಯಿಜು ಹುಟ್ಟಿದ್ದು ಇಂದಿನ ಟುನೀಸಿಯಾದ ಮಹ್ದಿಯಾ ಪಟ್ಟಣದಲ್ಲಿ. ಏಡನ್ ಬಂದರಿನ ಯೆಹೂದ್ಯ ಮುಖಂಡ ಮದ್ಮೂನನ ಆಶ್ರಯದಲ್ಲಿ ವ್ಯಾಪಾರ ಕಲಿತು ಮಲಬಾರ್ ಕರಾವಳಿಗೆ ಬಂದ. 1132ರಿಂದ 1149ರವರೆಗಿನ ಅವಧಿಯ ಹೆಚ್ಚಿನ ಕಾಲ ಅವನು ಕಳೆದದ್ದು ಈ ಕರಾವಳಿಯಲ್ಲೇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು ಹೊಯ್ಸಳ ವಿಷ್ಣುವರ್ಧನನ ಕಾಲ, ಬಸವಣ್ಣನವರ ಶತಮಾನ.

ಇಲ್ಲಿಂದ ಏಡನ್‌ಗೆ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿದ್ದವು. ವಯನಾಡಿನ ಗಡಿಯಲ್ಲಿರುವ ಗುಂಡ್ಲುಪೇಟೆಯವರಿಗೆ ಈ ಸರಕಿನ ವಾಸನೆ ಹೊಸದಲ್ಲ. ಅಲ್ಲಿಂದ ತಾಮ್ರ, ಕರಗಿಸಿ ಹೊಸದು ಮಾಡಲು ಒಡಕು ಪಾತ್ರೆಗಳು, ಮನೆಬಳಕೆಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿದ್ದವು. ಕಾಗದ ದುರ್ಲಭವಾದ್ದರಿಂದ ಬಂದ ಓಲೆಯ ಬೆನ್ನ ಮೇಲೆಯೇ ಅವನು ಲೆಕ್ಕ ಬರೆದಿಡುತ್ತಿದ್ದ. ಮುಂಗಡ ಹಣ ಪಡೆದು ಏಲಕ್ಕಿ ಕೊಡದ ಒಬ್ಬ ದಲ್ಲಾಳಿಯ ತಕರಾರು ಎಷ್ಟೋ ಓಲೆಗಳಲ್ಲಿ ಮುಂದುವರಿಯುತ್ತದೆ. ಓದಿದರೆ ನಮ್ಮ ಸಂತೆಯ ಜಗಳವೇ ಅನ್ನಿಸುತ್ತದೆ.

1148ರಲ್ಲಿ ಸಿಸಿಲಿಯ ಕ್ರೈಸ್ತ ಅರಸ ಎರಡನೇ ರೋಜರನ ಸೈನ್ಯ ಮಹ್ದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾದರು. ಸುದ್ದಿ ತಿಳಿದ ಅವನು 1149ರಲ್ಲಿ ಅವರಿಗೆ ಓಲೆ ಬರೆದ. ದೇವರು ನನಗೆ ಕೊಟ್ಟಿರುವುದು ನಮ್ಮೆಲ್ಲರಿಗೂ ಸಾಕು, ಬನ್ನಿ, ಒಟ್ಟಿಗೆ ಉಣ್ಣೋಣ ಎಂಬುದು ಅದರ ತಾತ್ಪರ್ಯ. ಮಗಳನ್ನು ಅಣ್ಣತಮ್ಮಂದಿರ ಮಗನೊಬ್ಬನಿಗೆ ಕೊಡುವ ಇಚ್ಛೆಯನ್ನೂ ತಿಳಿಸಿದ. ಆ ಮದುವೆ 1156ರಲ್ಲಿ ಈಜಿಪ್ಟಿನಲ್ಲಿ ನಡೆಯಿತು.

ಆಶು ಮತ್ತು ಬೊಮ್ಮ

ಆ ಮಗಳ ತಾಯಿ ಯಾರು? ಆಶು ಎಂಬ ನಮ್ಮ ನಾಡಿನ ದಾಸಿ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಅವಳನ್ನು ದಾಸ್ಯದಿಂದ ಬಿಡುಗಡೆ ಮಾಡಿ ಪತ್ರ ಬರೆಸಿದ. ಯೆಹೂದ್ಯ ಧರ್ಮಕ್ಕೆ ಸೇರಿದ ಅವಳಿಗೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೆಸರು ಬಂತು. ಹಾಗೆ ಸೇರಿದವರನ್ನು ಪಿತಾಮಹ ಅಬ್ರಹಾಮನ ಮಕ್ಕಳೆಂದು ಕರೆಯುವುದು ಯೆಹೂದ್ಯರ ವಾಡಿಕೆ. ಮಂಗಳೂರಿನ ಬಂದರಿನಲ್ಲಿ ಅಬ್ರಹಾಮನಿಗೆ ಒಬ್ಬಳು ಮಗಳು ಹುಟ್ಟಿದ್ದು ಹೀಗೆ.

ಇನ್ನೊಬ್ಬ ಬೊಮ್ಮ. ಈ ಹೆಸರು ನಮಗೆ ಹತ್ತಿರದ್ದು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬೊಮ್ಮಲಾಪುರವೇ ಇದೆ. ಬೊಮ್ಮ ಬೆನ್ ಯಿಜುವಿನ ದಾಸ. ಯಜಮಾನನ ಪರವಾಗಿ ಸರಕಿನೊಂದಿಗೆ ಸಮುದ್ರ ದಾಟಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬಂದವನು. ಅಲ್ಲಿ ಕುಡಿದು ಹಣಕ್ಕಾಗಿ ಪೀಡಿಸಿದನೆಂಬ ದೂರೂ ಓಲೆಯಲ್ಲಿದೆ. ಆದರೂ ಮುಂದಿನ ಓಲೆಗಳಲ್ಲಿ ದೊಡ್ಡ ವ್ಯಾಪಾರಿಗಳು ಅವನಿಗೆ ಹೆಸರು ಹಿಡಿದು ನಮಸ್ಕಾರ ತಿಳಿಸುತ್ತಾರೆ. ಲೇಖಕ ಅಮಿತಾವ್ ಘೋಷ್ ಈ ದಾಸನ ಜಾಡು ಹಿಡಿದು ಈಜಿಪ್ಟಿನಿಂದ ಮಂಗಳೂರಿನವರೆಗೆ ಬಂದು, 1992ರಲ್ಲಿ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಎಂಬ ಪುಸ್ತಕ ಪ್ರಕಟಿಸಿದರು.

ಬೆನ್ ಯಿಜುವನ್ನು ಸಂತನೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವನೂ ಮನುಷ್ಯರನ್ನು ಹಣ ಕೊಟ್ಟು ಕೊಳ್ಳುವ ಕಾಲದವನೇ. ಆದರೆ ಒಂದನ್ನು ಗಮನಿಸಿ. ಅರಸರು ಕಲ್ಲಿನಲ್ಲಿ ಕೆತ್ತಿಸಿದ್ದು ಅರಸರ ಹೆಸರನ್ನು. ದಾಸಿಯಾಗಿದ್ದ ಆಶು, ದಾಸನಾಗಿದ್ದ ಬೊಮ್ಮ ನಮಗೆ ಸಿಕ್ಕಿದ್ದು ಯಾರೋ ದೇವರ ನಾಮಕ್ಕೆ ಹೆದರಿ ಒಂದು ಹರಕು ಕಾಗದವನ್ನು ಎಸೆಯದೆ ಇಟ್ಟಿದ್ದರಿಂದ. ದೇವರ ಹೆಸರನ್ನು ಗೌರವಿಸಿದಲ್ಲಿ ಬಡವರ ಹೆಸರೂ ಉಳಿಯಿತು.

ಕೊಚ್ಚಿಯ ಗೋಡೆ

ಕಟ್ಟಡವನ್ನೇ ನೋಡಬೇಕೆನ್ನುವವರು ಇನ್ನೊಮ್ಮೆ ಗುಂಡ್ಲುಪೇಟೆಯಿಂದ ಸುಲ್ತಾನ್ ಬತೇರಿ, ಕೋಳಿಕ್ಕೋಡಿನ ದಾರಿಯಲ್ಲಿ ಕೊಚ್ಚಿಗೆ ಹೋಗಬಹುದು. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಪ್ರಾರ್ಥನಾಮಂದಿರ ಇದೆ. ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟವನು ಕೊಚ್ಚಿಯ ಹಿಂದೂ ರಾಜ. ನೆಲಕ್ಕೆ ಚೀನಾದ ನೀಲಿ ಹೂವಿನ ಹಂಚುಗಳು. ಯೆಹೂದ್ಯ ಮುಖಂಡ ಜೋಸೆಫ್ ರಬ್ಬಾನನಿಗೆ ಚೇರ ಅರಸ ಕ್ರಿ.ಶ. 1000ದ ಸುಮಾರಿಗೆ 72 ಹಕ್ಕುಗಳನ್ನು ಕೊಟ್ಟ ತಾಮ್ರಶಾಸನವನ್ನು ಅಲ್ಲಿನವರು ಜತನ ಮಾಡಿದ್ದರು. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೊರಟುಹೋದರು.

ಆ ಗೋಡೆಯ ಮುಂದೆ ನಿಂತಾಗ ಕ್ರೈಸ್ತರಾದ ನಮಗೆ ನೋವಿನ ಮಾತೂ ಒಂದಿದೆ. 1662ರಲ್ಲಿ ಆ ಮಂದಿರಕ್ಕೆ ಹಾನಿ ಮಾಡಿದವರು ಪೋರ್ಚುಗೀಸರು. ನಮ್ಮಂತೆಯೇ ಜಪಸರ ಹಿಡಿದ ಕಥೋಲಿಕರು. ಹಿಂದೂ ರಾಜ ಆಶ್ರಯ ಕೊಟ್ಟ ಮನೆಗೆ, ಯೇಸುವಿನ ಹೆಸರು ಹೇಳುವವರು ಕೈಯೆತ್ತಿದರು.

ಧರ್ಮಸಭೆಯ ಬೋಧನೆ

ಪವಿತ್ರ ವಾರದಲ್ಲಿ ಪಾಡುಗಳ ವಾಚನ ಕೇಳಿ ಮನೆಗೆ ಬಂದ ಮಕ್ಕಳು, ‘ಯೇಸುವನ್ನು ಕೊಂದವರು ಯೆಹೂದ್ಯರು ಅಲ್ಲವೇ?’ ಎಂದು ಕೇಳುತ್ತಾರೆ. ಹೌದು ಎಂದು ತಲೆಯಾಡಿಸುವ ಹಿರಿಯರು ಇಂದಿಗೂ ಇದ್ದಾರೆ. ಈ ಒಂದು ಉತ್ತರ ಶತಮಾನಗಳ ಕಾಲ ಯೂರೋಪಿನಲ್ಲಿ ಎಷ್ಟು ರಕ್ತ ಹರಿಸಿತೆಂಬುದನ್ನು ತಿಳಿಯಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರನ್ನು ನಾಜಿಗಳು ಕೊಂದರು. ಅದು ನಡೆದದ್ದು ದೀಕ್ಷಾಸ್ನಾನ ಪಡೆದವರೇ ಬಹುಸಂಖ್ಯೆಯಲ್ಲಿದ್ದ ದೇಶಗಳಲ್ಲಿ.

ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಬಂದ ಧರ್ಮೋಪದೇಶ ಗ್ರಂಥವೇ ಕ್ರಿಸ್ತನ ಯಾತನೆಗೆ ಪಾಪಿಗಳಾದ ನಾವೆಲ್ಲರೂ ಕಾರಣ, ಅವರನ್ನು ಅರಿತೂ ಪಾಪ ಮಾಡುವ ಕ್ರೈಸ್ತರ ತಪ್ಪು ಇನ್ನೂ ಭಾರವಾದುದು ಎಂದು ಬೋಧಿಸಿತ್ತು. ಆದರೆ ಆ ಬೋಧನೆ ಬಹಳ ಮಂದಿಯ ಹೃದಯಕ್ಕೆ ಇಳಿಯಲಿಲ್ಲ. 1959ರಲ್ಲಿ ಜಗದ್ಗುರು 23ನೇ ಜಾನ್ ಅವರು ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಹಳಿಯುವಂತೆ ಕೇಳುತ್ತಿದ್ದ ಪದವನ್ನು ತೆಗೆಸಿದರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ‘ನೊಸ್ತ್ರಾ ಎತಾತೆ’ ಎಂಬ ಘೋಷಣೆಯಲ್ಲಿ ಸ್ಪಷ್ಟಪಡಿಸಿತು: ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಕೂಡದು, ದೇವರು ಅವರನ್ನು ಶಪಿಸಿದ್ದಾನೆಂದು ಬೋಧಿಸಕೂಡದು. ಸಂತ ದ್ವಿತೀಯ ಜಾನ್ ಪಾಲರು 1986ರ ಏಪ್ರಿಲ್ 13ರಂದು ರೋಮ್ ನಗರದ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಹೋಗಿ ಅವರನ್ನು ಅಣ್ಣಂದಿರಂತೆ ಕಂಡು ಮಾತನಾಡಿದರು. 2000ದ ಮಾರ್ಚ್ 26ರಂದು ಜೆರುಸಲೇಮಿನ ಪಶ್ಚಿಮ ಗೋಡೆಯ ಸಂದಿನಲ್ಲಿ, ಕ್ಷಮೆ ಬೇಡುವ ಪ್ರಾರ್ಥನೆ ಬರೆದ ಚೀಟಿಯನ್ನಿಟ್ಟರು. ಅದೂ ಒಂದು ಕಾಗದವೇ.

ಸಂತ ಪೌಲರು ರೋಮನರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಮ್ಮನ್ನು ಕಾಡು ಓಲಿವ್ ಕೊಂಬೆಗೆ ಹೋಲಿಸುತ್ತಾರೆ. ಮಾವಿನ ಕಸಿ ಕಟ್ಟಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಸಿ ಕಟ್ಟಿದ ಕೊಂಬೆ ಎಷ್ಟೇ ಹಣ್ಣು ಬಿಡಲಿ, ಅದಕ್ಕೆ ರಸ ಬರುವುದು ಬೇರಿನಿಂದ. ಬೇರನ್ನು ಹಳಿದು ಕೊಂಬೆ ಬಾಳಲಾರದು. ನಮ್ಮ ಪ್ರಭು, ಅವರ ತಾಯಿ ಮರಿಯ, ಹನ್ನೆರಡು ಮಂದಿ ಪ್ರೇಷಿತರು ಎಲ್ಲರೂ ಆ ಬೇರಿನವರೇ. ಇಂದಿನ ಇಸ್ರೇಲ್ ಸರ್ಕಾರದ ನಡೆಯನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅಲ್ಲಿ ಅನ್ಯಾಯ ಕಂಡರೆ, ನೊಂದವರು ಯಾರೇ ಆಗಿರಲಿ, ಅವರ ಪರ ನಿಲ್ಲಬೇಕು. ಆದರೆ ಒಂದು ಸರ್ಕಾರದ ಮೇಲಿನ ಸಿಟ್ಟನ್ನು ಒಂದು ಜನಾಂಗದ ಮೇಲಿನ ದ್ವೇಷವಾಗಿಸಲು ಕ್ರೈಸ್ತನಿಗೆ ಅನುಮತಿಯಿಲ್ಲ.

ಬೆನ್ ಯಿಜುವಿನ ಪರಿಚಯದಿಂದ ಆಗುವ ಪ್ರಯೋಜನ ಇದೇ. ‘ಯೆಹೂದ್ಯರು’ ಎಂದೊಡನೆ ಶಿಲುಬೆಯ ಕೆಳಗೆ ಕೂಗುವ ಗುಂಪು ಮಾತ್ರ ಕಣ್ಣ ಮುಂದೆ ಬರುತ್ತಿದ್ದರೆ, ಇನ್ನು ಮೇಲೆ ಮಂಗಳೂರಿನಲ್ಲಿ ಏಲಕ್ಕಿಯ ಲೆಕ್ಕ ಬರೆಯುವ ತಂದೆಯೊಬ್ಬ, ಬಿಡುಗಡೆಯ ಪತ್ರ ಪಡೆದ ತಾಯಿಯೊಬ್ಬಳು ಸಹ ಬರಲಿ. ಗುರುತಿರುವ ಮುಖವನ್ನು ದ್ವೇಷಿಸುವುದು ಕಷ್ಟ.

ಮನೆಯಲ್ಲಿ ಚಿಂತನೆಗೆ

1. ಪಾಡುಗಳ ವಾಚನದ ನಂತರ ನಮ್ಮ ಮಕ್ಕಳು ಯೆಹೂದ್ಯರ ಬಗ್ಗೆ ಕೇಳಿದರೆ ನಾವು ಏನು ಹೇಳುತ್ತೇವೆ?

2. ಹರಿದ ಬೈಬಲ್, ಹಳೆಯ ಪ್ರಾರ್ಥನಾ ಪುಸ್ತಕ, ಅಜ್ಜಿಯ ಕೈಬರಹದ ಕೀರ್ತನೆಗಳು ನಮ್ಮ ಮನೆಯಲ್ಲಿ ಎಲ್ಲಿವೆ? ರದ್ದಿಗೆ ಹೋಗಿವೆಯೇ?

3. ನಮ್ಮ ಮನೆಯಲ್ಲಿ, ಹೊಲದಲ್ಲಿ ದುಡಿಯುವವರ ಪೂರ್ತಿ ಹೆಸರು ನಮಗೆ ಗೊತ್ತಿದೆಯೇ? ಅವರನ್ನು ಹೆಸರು ಹಿಡಿದು, ಗೌರವದಿಂದ ಕರೆಯುತ್ತೇವೆಯೇ?

ಪ್ರಾರ್ಥನೆ: ಅಬ್ರಹಾಮನ ದೇವರೇ, ನಮ್ಮ ಪ್ರಭುವಿನ ತಂದೆಯೇ, ನೀವು ಮೊದಲು ಆರಿಸಿಕೊಂಡ ಜನರನ್ನು ಪ್ರೀತಿಸಲು ನಮಗೆ ಕಲಿಸಿರಿ. ನಮ್ಮ ಬಾಯಿಂದ ಅವರ ವಿರುದ್ಧ ಬಂದ ಮಾತುಗಳನ್ನು ಕ್ಷಮಿಸಿರಿ. ಲೋಕ ಮರೆತ ಬಡವರ ಹೆಸರುಗಳನ್ನು ನಿಮ್ಮ ಅಂಗೈಯಲ್ಲಿ ಉಳಿಸಿಕೊಳ್ಳಿರಿ. ಆಮೆನ್.