ಮನೆಯ ಸಲಕರಣೆ ಪೆಟ್ಟಿಗೆ: ಕೊಳ್ಳುವಾಗ ನೋಡಬೇಕಾದ್ದು

ಕೈ ಸಲಕರಣೆಯ ಗುಣ ತಿಳಿಯುವುದು ಅದು ಕೆಲಸವನ್ನು ಮುಟ್ಟುವ ಜಾಗದಲ್ಲಿ. ಸ್ಕ್ರೂಡ್ರೈವರಿಗೆ ತುದಿ, ಕಟಿಂಗ್ ಪ್ಲೇಯರಿಗೆ ಬಾಯಿ, ಗರಗಸಕ್ಕೆ ಹಲ್ಲು, ಸುತ್ತಿಗೆಗೆ ತಲೆ ಮತ್ತು ಹಿಡಿ ಕೂಡುವ ಕಣ್ಣು. ಉಳಿದಂತೆ ಹೊಳಪು, ಬಣ್ಣದ ರಬ್ಬರು, ಗಟ್ಟಿ ಪೆಟ್ಟಿಗೆ ಇವೆಲ್ಲ ಅಂಗಡಿಯಲ್ಲಿ ಕಣ್ಣು ಸೆಳೆಯಲು ಇರುವಂಥವು. ನೂರೆಂಟು ತುಂಡುಗಳ ಟೂಲ್ ಕಿಟ್ ಅಗ್ಗ ಎನಿಸುವುದೂ ಇದರಿಂದಲೇ: ಅದರಲ್ಲಿ ಎಣಿಕೆ ಹೆಚ್ಚು, ಒಳ್ಳೆಯ ಉಕ್ಕು ಕಡಿಮೆ. ಬಾಗಿಲ ತಿರುಪು ಬಿಗಿ ಮಾಡುವುದು, ಸ್ವಿಚ್ ಬೋರ್ಡ್ ಬಿಚ್ಚುವುದು, ನಲ್ಲಿಯ ವಾಷರ್ ಬದಲಿಸುವುದು, ಮೊಳೆ ಹೊಡೆಯುವುದು, ಪೈಪು ಕತ್ತರಿಸುವುದು, ಬಹುಪಾಲು ಮನೆಗಳ ದುರಸ್ತಿ ಇಷ್ಟರಲ್ಲೇ ಮುಗಿಯುತ್ತದೆ. ಅದಕ್ಕೆ ಏಳೆಂಟು ಸಲಕರಣೆ ಸಾಕು. ಒಂದೊಂದನ್ನೂ ಬಿಡಿಯಾಗಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಲೇಸು.

ಇವುಗಳಲ್ಲಿ ದಿನವೂ ಕೈಗೆ ಬರುವುದು ಸ್ಕ್ರೂಡ್ರೈವರ್. ಬೇಗ ಹಾಳಾಗುವುದೂ ಅದೇ. ‘ಸ್ಟಾರ್’ ಎಂದು ಕರೆಯುವ ಕೂಡುಗೆರೆಯ ತಿರುಪನ್ನು ಬಳಕೆಗೆ ತಂದವನು 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್. ಆ ತಿರುಪಿನ ಗುಳಿಯ ಗೋಡೆಗಳು ಇಳಿಜಾರು. ಹಾಗಾಗಿ ತಿರುಗಿಸಿದಂತೆ ಸ್ಕ್ರೂಡ್ರೈವರ್ ಮೇಲಕ್ಕೆ ಜಾರಲು ನೋಡುತ್ತದೆ, ಒತ್ತಿ ಹಿಡಿಯದಿದ್ದರೆ ಗುಳಿ ಸವೆದು ದುಂಡಗಾಗುತ್ತದೆ. ತುದಿಯ ಅಳತೆ ತಪ್ಪಿದ್ದರೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಅಳತೆಗೆ ಪಿಎಚ್ 0, 1, 2, 3 ಎಂಬ ನಂಬರುಗಳಿವೆ. ಬಾಗಿಲ ತಿರುಗಣೆ, ಕಪಾಟು, ಸ್ವಿಚ್ ಬೋರ್ಡಿನ ಮುಚ್ಚಳ ಇವುಗಳಿಗೆ ಹೆಚ್ಚಾಗಿ ಹೊಂದುವುದು 2ನೆಯದು. ಮಕ್ಕಳ ಆಟಿಕೆ, ರಿಮೋಟುಗಳಿಗೆ 0 ಅಥವಾ 1. ಅಂಗಡಿಗೆ ಹೋಗುವಾಗ ಮನೆಯ ಒಂದು ತಿರುಪನ್ನು ಜೇಬಿನಲ್ಲಿ ಹಾಕಿಕೊಂಡು ಹೋದರೆ ಪರೀಕ್ಷೆ ಸುಲಭ. ಅಯಸ್ಕಾಂತವಿಲ್ಲದ ತುದಿಗೆ ತಿರುಪನ್ನು ಸಿಕ್ಕಿಸಿ ಅಡ್ಡ ಹಿಡಿದಾಗ ಅದು ಬೀಳದೆ ಒಂದು ಕ್ಷಣವಾದರೂ ನಿಂತರೆ ಅಳತೆ ಸರಿ. ಒಳಗೆ ಅಲುಗಾಡಿದರೆ ಬೇರೆಯದನ್ನು ಕೇಳಬೇಕು. ಕೆಲವು ಮಾಡ್ಯುಲರ್ ಕಪಾಟುಗಳ ತಿರುಪಿನಲ್ಲಿ ಕೂಡುಗೆರೆಯ ನಡುವೆ ಇನ್ನೂ ನಾಲ್ಕು ಸಣ್ಣ ಗೀರುಗಳಿರುತ್ತವೆ. ಅದು ಪೋಜಿಡ್ರೈವ್ ಎಂಬ ಬೇರೆಯೇ ಜಾತಿ. ಅದಕ್ಕೆ ಸಾಮಾನ್ಯ ಸ್ಟಾರ್ ಹಾಕಿ ತಿರುಗಿಸಿದರೆ ತಿರುಪೂ ಕೆಡುತ್ತದೆ, ತುದಿಯೂ ಕೆಡುತ್ತದೆ.

ಉಕ್ಕಿನ ಬಗ್ಗೆ ಒಂದು ಮಾತು. ಸರಳಿನ ಮೇಲೆ ‘ಕ್ರೋಮ್ ವೆನೇಡಿಯಮ್’ ಎಂದಿದ್ದರೆ ಅದು ಉಕ್ಕಿನಲ್ಲೇ ಬೆರೆತ ಲೋಹಗಳ ಹೆಸರು. ‘ಕ್ರೋಮ್ ಪ್ಲೇಟೆಡ್’ ಎಂದಿದ್ದರೆ ಮೇಲಿನ ಲೇಪನವಷ್ಟೇ, ಒಳಗೆ ಎಂಥ ಕಬ್ಬಿಣವೂ ಇರಬಹುದು. ಎರಡೂ ಒಂದೇ ರೀತಿ ಫಳಫಳ ಎನ್ನುತ್ತವೆ. ಅಚ್ಚಾದ ಅಕ್ಷರವನ್ನೇ ಪೂರ್ತಿ ನಂಬುವಂತಿಲ್ಲವಾದ್ದರಿಂದ ಹೆಸರಾದ ತಯಾರಕರ ಮಾಲು ಕೊಳ್ಳುವುದು ವಾಸಿ. ಭಾರತದಲ್ಲಿ ಕೈ ಸಲಕರಣೆಗಳು ಹೆಚ್ಚಾಗಿ ತಯಾರಾಗುವುದು ಪಂಜಾಬಿನ ಜಲಂಧರ್ ಮತ್ತು ಲೂಧಿಯಾನಗಳಲ್ಲಿ. ಮೆಕ್ಯಾನಿಕ್‌ಗಳ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ಟಪಾರಿಯಾ ನಾಸಿಕ್‌ನದು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಒಂದೇ ಸಲಕರಣೆಯ ನಾಲ್ಕಾರು ದರ್ಜೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಪ್ರಸಿದ್ಧ ಹೆಸರಿನ ಒಂದೆರಡು ಅಕ್ಷರ ತಿರುಚಿದ ನಕಲಿಗಳೂ ಅಂಥ ಪೇಟೆಗಳಲ್ಲಿ ಸಿಗುತ್ತವೆ.

ಕಟಿಂಗ್ ಪ್ಲೇಯರನ್ನು ಬೆಳಕಿಗೆ ಹಿಡಿದು ನೋಡಬೇಕು. ಬಾಯಿ ಮುಚ್ಚಿದಾಗ ಕತ್ತರಿಸುವ ಅಂಚುಗಳು ಉದ್ದಕ್ಕೂ ಕೂಡಬೇಕು, ನಡುವೆ ಬೆಳಕು ಇಣುಕಬಾರದು. ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆಯನ್ನು ಕೊಟ್ಟು ನೋಡಿದರೆ ನಿಜ ಗೊತ್ತಾಗುತ್ತದೆ: ಒಳ್ಳೆಯದು ಕತ್ತರಿಸುತ್ತದೆ, ಕಳಪೆಯದು ಎಳೆಯನ್ನು ಮಡಚಿ ಬಿಡುತ್ತದೆ. ಕೀಲು ಸರಾಗವಾಗಿ ತೆರೆಯಬೇಕು, ಆದರೆ ಅಕ್ಕಪಕ್ಕಕ್ಕೆ ಅಲುಗಾಡಬಾರದು. ಮನೆಗೆ 8 ಇಂಚಿನದು ಸಾಕು.

ಹಿಡಿಗೆ ಪ್ಲಾಸ್ಟಿಕ್ ತೊಡಿಸಿದ್ದಾರೆ ಎಂದ ಮಾತ್ರಕ್ಕೆ ವಿದ್ಯುತ್ತಿನಿಂದ ರಕ್ಷಣೆ ಸಿಕ್ಕಿತು ಎಂದುಕೊಳ್ಳುವಂತಿಲ್ಲ. ಕೆಲವು ತೊಡಿಕೆಗಳು ಬರೀ ಹಿಡಿತಕ್ಕಾಗಿ ಇರುತ್ತವೆ. ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷೆಗೊಳಗಾದ ಸಲಕರಣೆಯ ಮೇಲೆ ಜೋಡಿ ತ್ರಿಕೋನದ ಗುರುತೂ 1000 ವೋಲ್ಟ್ ಎಂಬ ಅಚ್ಚೂ ಇರುತ್ತವೆ. ಮನೆಗೆ ಬರುವುದು 230 ವೋಲ್ಟ್, ಪ್ರಾಣ ತೆಗೆಯಲು ಅಷ್ಟು ಸಾಕು. ಗುರುತಿರುವ ಪ್ಲೇಯರ್ ಕೈಯಲ್ಲಿದ್ದರೂ ಮೇನ್ ಆಫ್ ಮಾಡುವುದನ್ನು ಬಿಡುವಂತಿಲ್ಲ. ಟೆಸ್ಟರಿನ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಅದರೊಳಗಿನ ನಿಯಾನ್ ದೀಪದ ಮಂಕು ಬೆಳಕು ಹಗಲಿನಲ್ಲಿ ಕಾಣದೆ ಹೋಗಬಹುದು, ಒಣ ಮರದ ಸ್ಟೂಲಿನ ಮೇಲೆ ನಿಂತಾಗ ಇನ್ನೂ ಮಂಕಾಗಬಹುದು. ಮೊದಲು ಕರೆಂಟ್ ಇರುವುದು ಖಚಿತವಿರುವ ಪಾಯಿಂಟಿನಲ್ಲಿ ಅದು ಹೊತ್ತುವುದನ್ನು ನೋಡಿಕೊಂಡು, ಆಮೇಲೆ ಅನುಮಾನದ ಜಾಗ ಮುಟ್ಟಿಸಬೇಕು. ಟೆಸ್ಟರನ್ನೇ ಸ್ಕ್ರೂಡ್ರೈವರ್ ಮಾಡಿಕೊಳ್ಳುವ ಅಭ್ಯಾಸ ಬಹುತೇಕ ಮನೆಗಳಲ್ಲಿದೆ. ಅದರ ತೆಳು ಸರಳು ಆ ಕೆಲಸಕ್ಕೆ ಮಾಡಿದ್ದಲ್ಲ.

ಸುತ್ತಿಗೆಯಲ್ಲಿ ಮೊಳೆ ಕೀಳುವ ಕವಲಿರುವ, ತಲೆ ಸುಮಾರು 450 ಗ್ರಾಂ ತೂಗುವ ಬಗೆ ಮನೆಗೆ ಹೊಂದುತ್ತದೆ. ಕವಲಿನ ಸಂದು ಒಳಗೆ ಹೋದಂತೆ ಕಿರಿದಾಗುತ್ತ ಚೂಪಾಗಿರದಿದ್ದರೆ ಸಣ್ಣ ಮೊಳೆಯ ತಲೆ ಸಿಕ್ಕುವುದಿಲ್ಲ. ಮರದ ಹಿಡಿಯಾದರೆ ಎಳೆಗಳು ಹಿಡಿಯುದ್ದಕ್ಕೂ ನೇರವಾಗಿರಬೇಕು, ಮೇಲೆ ಬೆಣೆ ಬಿಗಿಯಾಗಿ ಕೂತಿರಬೇಕು. ಬೇಸಿಗೆಯಲ್ಲಿ ಮರ ಒಣಗಿ ತಲೆ ಸಡಿಲವಾದಾಗ ಸುತ್ತಿಗೆಯನ್ನು ನೀರಿನಲ್ಲಿ ನೆನೆಹಾಕುವುದು ಹಳೆಯ ರೂಢಿ. ಆದರೆ ಉಬ್ಬಿದ ಮರದ ಎಳೆಗಳು ಕಣ್ಣಿನೊಳಗೆ ನಲುಗಿ, ಮತ್ತೆ ಒಣಗಿದಾಗ ತಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಬೆಣೆಯನ್ನು ಬಡಿದು ಬಿಗಿಮಾಡುವುದು ಅಥವಾ ಇನ್ನೊಂದು ಬೆಣೆ ಹೊಡೆಯುವುದೇ ಸರಿಯಾದ ದಾರಿ.

ಅಳತೆ ಟೇಪಿನ ತುದಿಯ ಕೊಕ್ಕೆ ಕೊಂಚ ಅಲುಗಾಡಿದರೆ ಅಂಗಡಿಗೆ ವಾಪಸು ಕೊಡಲು ಹೊರಡುವವರಿದ್ದಾರೆ. ಅದು ದೋಷವಲ್ಲ. ಕೊಕ್ಕೆ ಸರಿಯಾಗಿ ತನ್ನ ದಪ್ಪದಷ್ಟೇ ಹಿಂದೆ ಮುಂದೆ ಸರಿಯುವಂತೆ ಮಾಡಿರುತ್ತಾರೆ. ಹಲಗೆಗೆ ಸಿಕ್ಕಿಸಿ ಎಳೆದಾಗ ಹೊರ ಅಳತೆ, ಗೋಡೆಗೆ ಒತ್ತಿದಾಗ ಒಳ ಅಳತೆ, ಎರಡೂ ಸರಿ ಬರುವುದು ಇದರಿಂದಲೇ. ಟೇಪಿನ ಮೇಲೆ ಇಂಚು, ಸೆಂಟಿಮೀಟರ್ ಎರಡೂ ಇರಲೇಬೇಕು. ಇಲ್ಲಿನ ಬಡಗಿ, ಗಾರೆ ಕೆಲಸದವರು ಮಾತಾಡುವುದು ಅಡಿ, ಇಂಚುಗಳಲ್ಲಿ. ಫಿಟ್ಟಿಂಗುಗಳ ಪೊಟ್ಟಣದ ಮೇಲೆ ಬರೆದಿರುವುದು ಮಿಲಿಮೀಟರಿನಲ್ಲಿ.

ನಲ್ಲಿ ಕೆಲಸಕ್ಕೆ 10 ಇಂಚಿನ ಸ್ಕ್ರೂ ಸ್ಪ್ಯಾನರ್ ಒಂದಿದ್ದರೆ ಸಾಕು. ಕೊಳ್ಳುವಾಗ ಸರಿಯುವ ದವಡೆಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಬೇಕು. ಅದು ಓಲಾಡಿದರೆ ನಟ್ಟಿನ ಮೂಲೆಗಳು ಉರುಟಾಗುತ್ತವೆ. ಬಳಸುವಾಗ ಬಲವೆಲ್ಲ ಸರಿಯದ ದವಡೆಯ ಮೇಲೆ ಬೀಳುವಂತೆ ಹಿಡಿಯಬೇಕು, ಹೊಳೆಯುವ ನಲ್ಲಿಗೆ ನಡುವೆ ಬಟ್ಟೆ ಸುತ್ತಬೇಕು. ಅಂಟು ಹಾಕಿ ಕೂಡಿಸುವ ಪ್ಲಾಸ್ಟಿಕ್ ಪೈಪಿನ ಹೊಸ ಮನೆಗಳಲ್ಲಿ ಪೈಪ್ ರೆಂಚಿಗೆ ಕೆಲಸವೇ ಇಲ್ಲ. ಪೈಪು, ಸರಳು ಕೊಯ್ಯಲು ಇಂಚಿಗೆ 24 ಹಲ್ಲಿನ ಹ್ಯಾಕ್ಸಾ ಬ್ಲೇಡು ಒಗ್ಗುತ್ತದೆ. ಹಲ್ಲುಗಳು ಮುಂದಕ್ಕೆ ಮುಖ ಮಾಡಿರಬೇಕು.

ಕತ್ತಿ, ಮಚ್ಚು, ಕುಡುಗೋಲುಗಳ ಮಟ್ಟಿಗೆ ಸಂತೆಯಲ್ಲಿ ಕೂತ ಕಮ್ಮಾರರ ಮಾಲು ಪೊಟ್ಟಣದ ಮಾಲಿಗೆ ಸೋಲುವುದಿಲ್ಲ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದಾದರೆ ಉಕ್ಕು ಚೆನ್ನಾಗಿರುತ್ತದೆ, ಉಳಿದದ್ದು ಹದ ಹಾಕಿದವರ ಕೈಗುಣ. ಅಂಚಿನ ಮೇಲೆ ಅರ ಆಡಿಸಿದರೆ ಹದ ತಿಳಿಯುತ್ತದೆ. ಅರ ಜಾರಿಹೋದರೆ ಹದ ಹೆಚ್ಚಾಗಿದೆ, ಅಂಚು ಮುಕ್ಕಾಗುತ್ತದೆ. ಬೆಣ್ಣೆಯಂತೆ ಕೊರೆದರೆ ಹದವೇ ಇಲ್ಲ. ಕಷ್ಟಪಟ್ಟು ಸ್ವಲ್ಪವೇ ಹಿಡಿದರೆ ಸರಿಯಾಗಿದೆ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎಂಥ ಉಕ್ಕೂ ತುಕ್ಕು ಹಿಡಿಯುತ್ತದೆ. ಜೂನ್‌ಗೆ ಮೊದಲು ಒಣ ಬಟ್ಟೆಯಿಂದ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿಟ್ಟರೆ ಸಾಕು. ಹಲವು ಬಾಡಿಗೆ ಮನೆ ದಾಟಿಬಂದ ಈ ಲೇಖಕನ ಪೆಟ್ಟಿಗೆಯಲ್ಲಿ ಇಂದಿಗೂ ಉಳಿದಿರುವವು ಬಿಡಿಯಾಗಿ ಆರಿಸಿ ಕೊಂಡವು ಮಾತ್ರ. ಎಲ್ಲವನ್ನೂ ಒಂದೇ ಸಲ ಕೊಳ್ಳಲು ಹಣ ಸಾಲದಿದ್ದರೆ 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಕಟಿಂಗ್ ಪ್ಲೇಯರ್ ಮೊದಲು ಬರಲಿ, ಅವೆರಡಕ್ಕೆ ಕೈ ಬಿಗಿ ಹಿಡಿಯುವುದು ಬೇಡ. ಸುತ್ತಿಗೆ, ಸ್ಪ್ಯಾನರ್, ಗರಗಸಗಳನ್ನು ಕೆಲಸ ಬಂದಾಗ ಕೊಂಡರಾಯಿತು.