ಸ್ಪೋರ್ಟ್ಸ್ ಕಾರಿನ ಆಯಿಲ್ ಮನೆಯಲ್ಲೇ ಬದಲಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಅಮೆರಿಕದಲ್ಲಿ ನೆಲೆಸಿ ಮನೆಯ ಗ್ಯಾರೇಜಿನಲ್ಲಿ ಮಾಜ್ದಾ ಮಿಯಾಟಾ, ಶೆವ್ರೊಲೆ ಕಾರ್ವೆಟ್, ಪೋರ್ಷೆ 911 ಇಂಥ ಕಾರು ಇಟ್ಟುಕೊಂಡು, ಅದರ ಆಯಿಲನ್ನು ಸ್ವಂತ ಕೈಯಿಂದಲೇ ಬದಲಿಸುವ ಕನ್ನಡಿಗರಿಗೆ ಈ ಸೂಚನೆ. ಊರಿನಲ್ಲಿ ಇಂಥ ಕಾರು ಇರುವವರಿಗೂ ಇದು ಅಷ್ಟೇ ಅನ್ವಯಿಸುತ್ತದೆ. ಆಯಿಲ್ ಬದಲಿಸುವುದು ಕಷ್ಟದ ಕೆಲಸವಲ್ಲ. ಪ್ರಾಣಾಪಾಯ ಇರುವುದು ಕಾರನ್ನು ಎತ್ತುವುದರಲ್ಲಿ. ನೆಲಕ್ಕೆ ಹತ್ತಿರವಿರುವ ಕಾರಿನ ಅಡಿಗೆ ಜಾಕ್ ಸುಲಭವಾಗಿ ಹೋಗುವುದಿಲ್ಲ, ಜಾಕ್ ಕೊಡಬೇಕಾದ ಜಾಗ ಕಣ್ಣಿಗೆ ಬೀಳುವುದಿಲ್ಲ, ಸ್ಟ್ಯಾಂಡ್ ಇಡಲು ಎಡೆ ಸಾಲುವುದಿಲ್ಲ. ಆಗ ‘ಎರಡೇ ನಿಮಿಷದ ಕೆಲಸ, ಜಾಕ್ ಮೇಲೇ ಮುಗಿಸೋಣ’ ಎನಿಸುತ್ತದೆ. ಅದನ್ನು ಎಂದೂ ಮಾಡಬೇಡಿ.

ಎಲ್ಲಕ್ಕಿಂತ ಮೊದಲ ನಿಯಮ: ಜಾಕ್ ಇರುವುದು ಎತ್ತಲು ಮಾತ್ರ, ಹೊತ್ತು ನಿಲ್ಲಲು ಅಲ್ಲ. ಕಾರು ಸ್ಟ್ಯಾಂಡ್‌ಗಳ ಮೇಲೆ ಕೂತು, ನೀವು ಅದನ್ನು ಅಲುಗಾಡಿಸಿ ನೋಡುವ ತನಕ ತಲೆ, ಕೈ, ಕಾಲು ಯಾವುದೂ ಅಡಿಗೆ ಹೋಗಬಾರದು.

1. ನೆಲ ಮತ್ತು ಸಾಮಾನು

ಮಾಡಬೇಕಾದ್ದು

- ಗಟ್ಟಿಯಾದ, ಮಟ್ಟಸವಾದ ಕಾಂಕ್ರೀಟ್ ನೆಲದ ಮೇಲೆ ಮಾತ್ರ ಕೆಲಸ ಮಾಡಿ.
- ಡಾಂಬರು ಹಾಕಿದ ಡ್ರೈವ್‌ವೇ ಬಿಟ್ಟು ಬೇರೆ ಜಾಗವಿಲ್ಲದಿದ್ದರೆ ಪ್ರತಿ ಸ್ಟ್ಯಾಂಡ್ ಅಡಿಗೂ ದಪ್ಪ ಪ್ಲೈವುಡ್ ಹಲಗೆ ಹಾಸಿ. ಬೇಸಿಗೆಯ ಬಿಸಿಲಿಗೆ ಡಾಂಬರು ಮೆತ್ತಗಾಗಿ ಸ್ಟ್ಯಾಂಡ್ ಕಾಲು ಒಳಗಿಳಿಯುತ್ತದೆ.
- ತಗ್ಗು ಕಾರಿಗೆಂದೇ ಮಾಡಿದ ಲೋ ಪ್ರೊಫೈಲ್ ಟ್ರಾಲಿ ಜಾಕ್ ಕೊಳ್ಳಿ. ಅದೂ ನುಗ್ಗದಿದ್ದರೆ ಮೊದಲು ಚಕ್ರಗಳನ್ನು ಅಗಲವಾದ ಗಟ್ಟಿ ಮರದ ಹಲಗೆಗಳ ಮೇಲೆ ನಿಧಾನವಾಗಿ ಹತ್ತಿಸಿ. ಸಿಗುವ ನಾಲ್ಕು ಸೆಂಟಿಮೀಟರ್ ಎತ್ತರವೇ ಹೆಚ್ಚಿನ ಸಲ ಸಾಕಾಗುತ್ತದೆ.
- ಜಾಕ್ ಮತ್ತು ಸ್ಟ್ಯಾಂಡ್ ಎಷ್ಟು ಭಾರಕ್ಕೆ ಎಂಬುದನ್ನು ಲೇಬಲ್‌ನಲ್ಲಿ ಓದಿ. ಬರೆದಿರುವ ಭಾರ ಒಂದು ಸ್ಟ್ಯಾಂಡಿಗೋ ಜೋಡಿಗೋ ಎಂಬುದನ್ನೂ ನೋಡಿಕೊಳ್ಳಿ. ಹಳೆಯ ಮಿಯಾಟಾ ಒಂದು ಟನ್ನಿನ ಆಸುಪಾಸು, ಕಾರ್ವೆಟ್ ಸುಮಾರು ಒಂದೂವರೆ ಟನ್.
- ನಿಮ್ಮ ಸ್ಟ್ಯಾಂಡ್ ವಾಪಸು ಕರೆಸಿಕೊಂಡ ಮಾಲೇ ಎಂದು ಮಾಡೆಲ್ ಸಂಖ್ಯೆ ಹಿಡಿದು ಪರಿಶೀಲಿಸಿ. 2020ರಲ್ಲಿ ಹಾರ್ಬರ್ ಫ್ರೈಟ್ ಕಂಪನಿ ತನ್ನ ಪಿಟ್ಸ್‌ಬರ್ಗ್ ಹೆಸರಿನ 3 ಟನ್ ಮತ್ತು 6 ಟನ್ ಸ್ಟ್ಯಾಂಡ್‌ಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ವಾಪಸು ಕರೆಯಿತು. ಅವುಗಳ ಹಲ್ಲು ಸರಿಯಾಗಿ ಕಚ್ಚದೆ ಕಾರು ದಿಢೀರನೆ ಕುಸಿಯುವ ಅಪಾಯವಿತ್ತು. ಅದೇ ವರ್ಷ, ಬದಲಿಗೆ ಬಂದ ಕೆಲವು ಸ್ಟ್ಯಾಂಡ್‌ಗಳಲ್ಲೂ ಬೆಸುಗೆಯ ದೋಷ ಕಂಡುಬಂತು. ಆ ಹಳೆಯ ಸ್ಟ್ಯಾಂಡ್‌ಗಳು ಸೆಕೆಂಡ್‌ಹ್ಯಾಂಡ್ ಆಗಿ ನಿಮ್ಮ ಕೈಗೂ ಬರಬಹುದು.

ಮಾಡಬಾರದ್ದು

- ಇಳಿಜಾರು, ಜಲ್ಲಿ, ಮಣ್ಣು, ಹುಲ್ಲು, ಮರಳಿನ ಮೇಲೆ ಜೋಡಿಸಿದ ಇಂಟರ್‌ಲಾಕ್ ಕಲ್ಲು: ಇವುಗಳ ಮೇಲೆ ಕಾರು ಎತ್ತಬೇಡಿ. ಬೆಂಗಳೂರು, ಮೈಸೂರಿನ ಮನೆಗಳ ಪೋರ್ಟಿಕೊ ಮಳೆನೀರು ಹರಿಯಲೆಂದು ಇಳಿಜಾರಾಗಿರುತ್ತದೆ, ಮೇಲೆ ಟೈಲ್ಸ್ ಬೇರೆ. ಅದೂ ಬೇಡ.
- ಇಟ್ಟಿಗೆ, ಹಾಲೋ ಬ್ಲಾಕ್, ಸೈಜುಗಲ್ಲುಗಳನ್ನು ಸ್ಟ್ಯಾಂಡ್ ಬದಲಿಗೆ ಇಡಬೇಡಿ. ಹಾಲೋ ಬ್ಲಾಕ್ ಒಡೆಯುವ ಮುನ್ನ ಯಾವ ಸೂಚನೆಯನ್ನೂ ಕೊಡುವುದಿಲ್ಲ.
- ಕಾರಿನೊಂದಿಗೆ ಬಂದ ಕತ್ತರಿ ಜಾಕ್ ರಸ್ತೆಯಲ್ಲಿ ಪಂಕ್ಚರ್ ಆದಾಗ ಟೈರ್ ಬದಲಿಸಲು ಮಾತ್ರ. ಈ ಕೆಲಸಕ್ಕೆ ಅದನ್ನು ಮುಟ್ಟಬೇಡಿ.

2. ಜಾಕ್ ಎಲ್ಲಿ ಕೊಡಬೇಕು

ಅನಾಹುತಗಳ ಬೇರು ಇಲ್ಲೇ ಇದೆ. ಜಾಗ ಯಾವುದೆಂಬುದು ಓನರ್ಸ್ ಮ್ಯಾನ್ಯುಅಲ್‌ನಲ್ಲಿ, ವರ್ಕ್‌ಶಾಪ್ ಮ್ಯಾನ್ಯುಅಲ್‌ನಲ್ಲಿ ಚಿತ್ರಸಮೇತ ಇರುತ್ತದೆ. ಅದನ್ನು ನೋಡಿ, ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ, ಆ ಜಾಗವನ್ನು ಕಣ್ಣಾರೆ ಗುರುತಿಸಿದ ಮೇಲಷ್ಟೇ ಜಾಕ್ ತಳ್ಳಿ.

ಮಾಡಬೇಕಾದ್ದು

- ಮಿಯಾಟಾದ ಮೊದಲ ಎರಡು ತಲೆಮಾರುಗಳಲ್ಲಿ (1989ರಿಂದ 2005) ಮುಂಭಾಗಕ್ಕೆ ಕ್ರಾಸ್‌ಮೆಂಬರ್‌ನ ನಡುಭಾಗ, ಹಿಂಭಾಗಕ್ಕೆ ಡಿಫರೆನ್ಷಿಯಲ್‌ನ ಕವಚ. ಸ್ಟ್ಯಾಂಡ್‌ಗಳು ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತು ಮಾಡಿರುವ ಜಾಗದಲ್ಲಿ. ಆ ಅಂಚು ತೆಳುವಾದ ತಗಡಿನ ಮಡಿಕೆ. ಅದು ಕೂರುವಂತೆ ಸೀಳು ಕೊರೆದ ರಬ್ಬರ್ ಪ್ಯಾಡ್ ಬಳಸಿ.
- 1997ರಿಂದ 2019ರವರೆಗಿನ ಕಾರ್ವೆಟ್‌ಗಳಲ್ಲಿ (ಸಿ5, ಸಿ6, ಸಿ7) ಮುಂದಿನ ಚಕ್ರಗಳ ಹಿಂದೆ, ಹಿಂದಿನ ಚಕ್ರಗಳ ಮುಂದೆ, ಫ್ರೇಮ್‌ನಲ್ಲಿ ಉದ್ದನೆಯ ತೂತುಗಳಿವೆ. ಅವುಗಳಿಗೆ ಹೊಂದುವ ಪ್ಯಾಡ್ ತೂರಿಸಿ, ತಿರುಗಿಸಿ, ಕಚ್ಚಿದ್ದನ್ನು ಎಳೆದು ನೋಡಿ, ಆಮೇಲೆ ಜಾಕ್ ತಲೆಯನ್ನು ಅದರ ನಡುವಿಗೆ ತನ್ನಿ.
- ಪೋರ್ಷೆ 911ರ ಬದಿಯಲ್ಲಿ ಜಾಕ್ ಕೊಡಲೆಂದೇ ಮಾಡಿದ ನಾಲ್ಕು ಜಾಗಗಳಿವೆ. ಒಂದು ಜಾಗವನ್ನು ಜಾಕ್ ಹಿಡಿದುಕೊಂಡರೆ ಸ್ಟ್ಯಾಂಡ್ ಎಲ್ಲಿಡುವುದೆಂಬ ಪ್ರಶ್ನೆ ಬರುತ್ತದೆ. ಜಾಕ್ ಮತ್ತು ಸ್ಟ್ಯಾಂಡ್ ಎರಡಕ್ಕೂ ಒಂದೇ ಜಾಗದಲ್ಲಿ ಎಡೆ ಕೊಡುವ ಅಡಾಪ್ಟರ್ ಮೊದಲೇ ತಂದಿಟ್ಟುಕೊಳ್ಳಿ. ಕಾರು ಎತ್ತಿದ ಮೇಲೆ ಉತ್ತರ ಹುಡುಕುವ ಪ್ರಶ್ನೆ ಅದಲ್ಲ.

ಮಾಡಬಾರದ್ದು

- ಆಯಿಲ್ ಚೇಂಬರ್‌ಗೆ, ಗೇರ್‌ಬಾಕ್ಸ್‌ಗೆ, ಸೈಲೆನ್ಸರ್ ಪೈಪಿಗೆ, ಸಸ್ಪೆನ್ಷನ್ ತೋಳುಗಳಿಗೆ ಜಾಕ್ ಕೊಡಬೇಡಿ. ಮಿಯಾಟಾದಲ್ಲಿ ಕ್ರಾಸ್‌ಮೆಂಬರ್ ಪಕ್ಕದಲ್ಲೇ ಚೇಂಬರ್ ಇರುವುದರಿಂದ ಕತ್ತಲಲ್ಲಿ ಅಂದಾಜಿನ ಮೇಲೆ ಎತ್ತುವುದು ಬೇಡವೇ ಬೇಡ.
- ಈ ಕಾರ್ವೆಟ್‌ಗಳ ಅಡಿಯಲ್ಲಿ ಈ ಬದಿಯಿಂದ ಆ ಬದಿಗೆ ಅಡ್ಡಲಾಗಿ ಮುಂದೊಂದು, ಹಿಂದೊಂದು ಪಟ್ಟಿ ಸ್ಪ್ರಿಂಗ್ ಇದೆ. ನೋಡಲು ಗಟ್ಟಿ ತೊಲೆಯಂತೆ ಕಂಡರೂ ಅದು ಫೈಬರ್‌ನದು. ಅದಕ್ಕೆ ಜಾಕ್ ತಾಗಿಸಬೇಡಿ.
- ಬದಿಯ ಪ್ಲಾಸ್ಟಿಕ್ ಸ್ಕರ್ಟ್‌ಗೂ ಅಡಿಯ ಮುಚ್ಚಳಕ್ಕೂ ಭಾರ ಹೊರುವ ಶಕ್ತಿಯಿಲ್ಲ. ಜಾಕ್ ಒಂದೆರಡು ಅಂಗುಲ ಆಚೀಚೆಯಾದರೂ ಮೊದಲು ಒಡೆಯುವುದು ಅವೇ.

3. ಎತ್ತುವಾಗ

ಮಾಡಬೇಕಾದ್ದು

- ಮುಂಭಾಗ ಎತ್ತುವಾಗ ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಬಿಡಿ. ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಡಿ.
- ಹಿಂಭಾಗ ಎತ್ತುವಾಗ ಮುಂದಿನ ಚಕ್ರಗಳಿಗೆ ಅಡೆ ಕೊಡಲೇಬೇಕು. ಈ ಕಾರುಗಳ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದಿನ ಚಕ್ರಗಳನ್ನಷ್ಟೇ ಓಡಿಸುವ ಕಾರಿನಲ್ಲಿ ಗೇರ್ ತಡೆಯುವುದೂ ಅವನ್ನೇ. ಅವು ನೆಲ ಬಿಟ್ಟವೆಂದರೆ ಕಾರನ್ನು ಹಿಡಿದಿಡುವುದು ಆ ಅಡೆ ಒಂದೇ.
- ಜಾಕ್ ತನ್ನ ಗಾಲಿಗಳ ಮೇಲೆ ಸರಾಗವಾಗಿ ಉರುಳಲು ಬಿಡಿ. ಟ್ರಾಲಿ ಜಾಕ್‌ನ ತೋಳು ಮೇಲೇಳುವಾಗ ತಲೆ ಬಿಲ್ಲಿನಾಕಾರದಲ್ಲಿ ಸರಿಯುತ್ತದೆ. ಗಾಲಿಗೆ ಸಣ್ಣ ಕಲ್ಲು ಅಡ್ಡ ಬಂದರೂ ಜಾಕ್ ಬದಲು ಕಾರೇ ಎಳೆದುಕೊಂಡು ಬರುತ್ತದೆ. ಮೊದಲೇ ನೆಲ ಗುಡಿಸಿ.
- ಸ್ವಲ್ಪ ಎತ್ತಿ, ನಿಲ್ಲಿಸಿ, ಜಾಕ್ ನೆಟ್ಟಗಿದೆಯೇ, ಅಡೆ ಸರಿದಿದೆಯೇ ಎಂದು ಸುತ್ತು ಹಾಕಿ ನೋಡಿ. ಆಮೇಲೆ ಮುಂದುವರಿಸಿ.

ಮಾಡಬಾರದ್ದು

- ಒಂದೇ ಮೂಲೆಯನ್ನು ಎತ್ತರಕ್ಕೆ ಎತ್ತಬೇಡಿ. ಮಾಮೂಲಿ ಡಿಫರೆನ್ಷಿಯಲ್ ಇರುವ ಕಾರಿನ ಒಂದು ಹಿಂದಿನ ಚಕ್ರ ಗಾಳಿಯಲ್ಲಿದ್ದರೆ, ಗೇರಿನಲ್ಲಿದ್ದರೂ ಕಾರು ಉರುಳಬಹುದು.
- ಮುಂಭಾಗವನ್ನು ಮೇಲೆತ್ತುವ ಗುಂಡಿ ಕೆಲವು ಹೊಸ ಕಾರುಗಳಲ್ಲಿದೆ. ಅದು ರಸ್ತೆಯ ಉಬ್ಬು ದಾಟಲು ಇರುವುದು. ಅದನ್ನು ನಂಬಿ ಅಡಿಗೆ ಕೈ ಹಾಕಬೇಡಿ.
- ಕಾರಿನೊಳಗೆ ಯಾರೂ ಕೂತಿರಬಾರದು. ಮಕ್ಕಳು ಗ್ಯಾರೇಜಿನಲ್ಲಿ ಇರಲೇಬಾರದು.

4. ಸ್ಟ್ಯಾಂಡ್ ಮೇಲೆ, ಕಾರಿನ ಅಡಿಯಲ್ಲಿ

ಮಾಡಬೇಕಾದ್ದು

- ಎರಡು ಸ್ಟ್ಯಾಂಡ್‌ಗಳನ್ನೂ ಒಂದೇ ಎತ್ತರಕ್ಕೆ ಇಟ್ಟು, ಹಲ್ಲು ಪೂರ್ತಿ ಕಚ್ಚಿದೆಯೇ ನೋಡಿ. ಲಾಕ್ ಪಿನ್ ಇದ್ದರೆ ಹಾಕಿ. ಆಮೇಲೆ ಕಾರನ್ನು ತೀರಾ ನಿಧಾನವಾಗಿ ಅವುಗಳ ಮೇಲೆ ಇಳಿಸಿ. ಪ್ರತಿ ಸ್ಟ್ಯಾಂಡಿನ ನಾಲ್ಕು ಕಾಲೂ ನೆಲಕ್ಕೆ ತಾಗಿರಬೇಕು.
- ಈಗ ಹೊರಗೆ ನಿಂತು ಎರಡೂ ಕೈಯಿಂದ ಕಾರನ್ನು ಬಲವಾಗಿ ಅಲುಗಾಡಿಸಿ. ಬೀಳುವುದಿದ್ದರೆ ಅದು ನೀವು ಹೊರಗಿದ್ದಾಗಲೇ ಬೀಳಲಿ. ಸ್ಟ್ಯಾಂಡ್ ಕದಲಿದರೆ ಇಳಿಸಿ, ಮೊದಲಿನಿಂದ ಶುರುಮಾಡಿ.
- ಎರಡನೆಯ ರಕ್ಷಣೆ ಇಡಿ. ಜಾಕ್ ಅನ್ನು ಭಾರವಿಲ್ಲದೆ ತಾಗಿಸಿ ಬಿಡಿ, ಜೊತೆಗೆ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿಡಿ.
- ಮನೆಯಲ್ಲಿ ಒಬ್ಬ ದೊಡ್ಡವರಿಗೆ ‘ಕಾರಿನ ಅಡಿಗೆ ಹೋಗುತ್ತಿದ್ದೇನೆ’ ಎಂದು ಹೇಳಿಯೇ ಹೋಗಿ. ಫೋನ್ ಜೇಬಿನಲ್ಲಿರಲಿ.
- ಆಯಿಲ್ ಉಗುರುಬೆಚ್ಚಗಿರಲಿ, ಕುದಿಯುವಷ್ಟು ಬಿಸಿ ಬೇಡ. ಕನ್ನಡಕ, ಕೈಗವಸು ಹಾಕಿ. ಆಯಿಲ್ ಹಿಡಿಯುವ ಪಾತ್ರೆ ನಿಮ್ಮ ಕಾರಿಗೆ ಸಾಲುವಷ್ಟು ದೊಡ್ಡದಿರಲಿ. 1990ರ ದಶಕದ ಕೊನೆಯ 911ರಿಂದ ಎಂಟು ಲೀಟರ್‌ನಷ್ಟು ಆಯಿಲ್ ಬರುತ್ತದೆ.
- ಡ್ರೈನ್ ಬೋಲ್ಟನ್ನು ಮ್ಯಾನ್ಯುಅಲ್ ಹೇಳಿದಷ್ಟೇ, ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಸಿ5 ಕಾರ್ವೆಟ್‌ಗೆ 25 ನ್ಯೂಟನ್ ಮೀಟರ್ ಸಾಕು. ವಾಷರ್ ಹೊಸದಿರಲಿ.

ಮಾಡಬಾರದ್ದು

- ಬಿಗಿಯಾದ ಬೋಲ್ಟನ್ನು ಕಾಲಿನಿಂದ ಒದ್ದು, ಉದ್ದ ಪೈಪ್ ಸಿಕ್ಕಿಸಿ ಜಗ್ಗಿ ಬಿಚ್ಚಬೇಡಿ. ಆ ಎಳೆತ ಹೋಗುವುದು ಸ್ಟ್ಯಾಂಡಿಗೆ. ಬಿಚ್ಚದಿದ್ದರೆ ಕೆಲಸ ನಿಲ್ಲಿಸಿ.
- ಅಡಿಯಲ್ಲಿ ನೀವಿರುವಾಗ ಯಾರೂ ಬಾಗಿಲು ತೆಗೆಯಬಾರದು, ಬಾನೆಟ್ ಬಡಿಯಬಾರದು, ಸ್ಟೀರಿಂಗ್ ತಿರುಗಿಸಬಾರದು.
- ಕಾರು ಸ್ಟ್ಯಾಂಡ್ ಮೇಲಿರುವಾಗ ಎಂಜಿನ್ ಚಾಲೂ ಮಾಡಬೇಡಿ. ನೆಲಕ್ಕಿಳಿಸಿದ ಮೇಲೂ ಗ್ಯಾರೇಜ್ ಬಾಗಿಲು ಮುಚ್ಚಿಕೊಂಡು ಮಾಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಆದರೆ ಅದು ಕೊಲ್ಲುತ್ತದೆ.

5. ಇಳಿಸುವಾಗ ಮತ್ತು ಆಮೇಲೆ

- ಪಾನಾ, ಪಾತ್ರೆ, ಬಟ್ಟೆ ಎಲ್ಲವನ್ನೂ ಹೊರಗೆಳೆದು, ಎಣಿಸಿ, ಅಡಿಯಲ್ಲಿ ಯಾರೂ ಇಲ್ಲವೆಂದು ಬಗ್ಗಿ ನೋಡಿ, ಆಮೇಲೆ ಇಳಿಸಿ. ಜಾಕ್ ಹಿಡಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ.
- ಆಯಿಲ್ ಮಟ್ಟವನ್ನು ಕಾರು ಮಟ್ಟಸ ನೆಲದ ಮೇಲೆ ನಿಂತಾಗಲೇ ನೋಡಿ. ಮೂತಿ ಎತ್ತಿದ ಕಾರಿನ ಡಿಪ್‌ಸ್ಟಿಕ್ ನಿಜ ಹೇಳುವುದಿಲ್ಲ.
- ಹಳೆಯ ಆಯಿಲನ್ನು ಚರಂಡಿಗೆ, ಹಿತ್ತಲಿಗೆ ಸುರಿಯಬೇಡಿ. ಒಂದು ಸಲ ಬದಲಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಮುಚ್ಚಳ ಭದ್ರವಾದ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಬಿಡಿಭಾಗಗಳ ಅಂಗಡಿಗೆ ಕೊಡಿ.

6. ಕಾರು ಯಾರ ಮೇಲಾದರೂ ಬಿದ್ದರೆ

- ಮೊದಲು ತುರ್ತು ಕರೆ: ಅಮೆರಿಕದಲ್ಲಿ 911, ಭಾರತದಲ್ಲಿ 112.
- ಕೈಯಿಂದ ಎತ್ತಲು ಹೋಗಬೇಡಿ, ಸಿಕ್ಕಿಕೊಂಡವರನ್ನು ಎಳೆಯಬೇಡಿ. ಕರೆ ಎತ್ತಿದವರು ಹೇಳಿದಂತೆ ನಡೆಯಿರಿ. ಜಾಕ್‌ನಿಂದ ಎತ್ತುವುದಾದರೆ ಚಕ್ರಗಳಿಗೆ ಅಡೆ ಕೊಟ್ಟು, ಎತ್ತಿದಷ್ಟಕ್ಕೂ ಮರದ ದಿಮ್ಮಿ ತುಂಬುತ್ತಾ ಎತ್ತಿ. ನೀವು ಅಡಿಗೆ ನುಗ್ಗಿದರೆ ಸಿಕ್ಕಿಕೊಂಡವರು ಇಬ್ಬರಾಗುತ್ತಾರೆ.

ಕೆಲಸ ಶುರುಮಾಡುವ ಮುನ್ನ ಕೇಳಿಕೊಳ್ಳಿ

ನೆಲ ಮಟ್ಟಸವಾಗಿದೆಯೇ? ಜಾಕ್ ಕೊಡುವ ಜಾಗ ಕಣ್ಣಾರೆ ಕಂಡಿದೆಯೇ? ಸ್ಟ್ಯಾಂಡ್ ಎಲ್ಲಿ ಕೂರುತ್ತದೆಂದು ಗೊತ್ತಿದೆಯೇ? ಚಕ್ರಗಳಿಗೆ ಅಡೆ ಇದೆಯೇ? ಮನೆಯಲ್ಲಿ ಮತ್ತೊಬ್ಬರಿದ್ದಾರೆಯೇ? ಐದರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಇವತ್ತು ಕಾರು ಎತ್ತಬೇಡಿ. ಲಿಫ್ಟ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ. ಅಲ್ಲಿ ಕೊಡುವ ಕೂಲಿ ನಷ್ಟವಲ್ಲ. ಉಳಿದ ನಾಲ್ಕಕ್ಕೆ ‘ಹೌದು’ ಎಂದು ಸಮಾಧಾನ ಮಾಡಿಕೊಳ್ಳುವುದೂ ಬೇಡ. ಕಾರು ಬೀಳಲು ಒಂದು ‘ಇಲ್ಲ’ ಸಾಕು.